ವೆಬ್‌ಸೈಟಿನ ಪುಟ ಎಷ್ಟು ಅಗಲ ಇರಬೇಕು?

ವೆಬ್‌ಸೈಟ್ ಮಾಡಿಸಲು ಬರುವವರು ಮೊದಲ ಭೇಟಿಯಲ್ಲೇ ಕೇಳುತ್ತಾರೆ: "ಸಾರ್, ಪುಟದ ಸೈಜ್ ಎಷ್ಟು ಇಟ್ಕೊಳ್ಳೋಣ?" ಹಿಂದೆ ಇದಕ್ಕೆ ಒಂದೇ ಮಾತಿನ ಉತ್ತರ ಸಾಕಾಗುತ್ತಿತ್ತು. ಮಾನಿಟರ್ 800×600 ಇದ್ದಾಗ 760 ಪಿಕ್ಸೆಲ್ ಆಸುಪಾಸು, 1024×768 ಬಂದ ಮೇಲೆ 960. ಈ 960 ಸುಮ್ನೆ ಹುಟ್ಟಿದ ಸಂಖ್ಯೆ ಅಲ್ಲ. ಸ್ಕ್ರಾಲ್‌ಬಾರ್ ಬಿಟ್ಟು ಉಳಿದ ಜಾಗದಲ್ಲಿ ಆರಾಮಾಗಿ ಕೂರುತ್ತಿತ್ತು, 12ರಿಂದಲೂ 16ರಿಂದಲೂ ಸರಿಯಾಗಿ ಭಾಗವಾಗುತ್ತಿತ್ತು. ಕಾಲಮ್ ಹಾಕುವವರಿಗೆ ಇನ್ನೇನು ಬೇಕು!

2007ರಲ್ಲಿ ಐಫೋನ್ ಬಂದ ಮೇಲೆ ಈ ಲೆಕ್ಕ ಕೈಕೊಟ್ಟಿತು. 2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂಬ ಹೆಸರು ಕೊಟ್ಟು, ಪರದೆಗೆ ತಕ್ಕಂತೆ ಪುಟವೇ ಹೊಂದಿಕೊಳ್ಳಲಿ ಎಂದರು. ಅಲ್ಲಿಂದೀಚೆಗೆ ಪರದೆ ನೋಡಿ ಅಗಲ ನಿರ್ಧರಿಸುವುದರಲ್ಲಿ ಅರ್ಥವಿಲ್ಲ. ಓದುವ ಸಾಲು ನೋಡಿ ನಿರ್ಧರಿಸಿ. ಕನ್ನಡದ ಸೈಟಿಗಂತೂ ಬೇರೆ ದಾರಿಯೇ ಇಲ್ಲ.

ನಾನು ಮಾಡುವುದು ಹೀಗೆ. ಅಕ್ಷರ 18 ಪಿಕ್ಸೆಲ್, ಬರಹದ ಕಾಲಮ್ ಜಾಸ್ತಿ ಅಂದ್ರೆ 34 ಎಮ್ (ಒಂದು ಎಮ್ ಎಂದರೆ ಅಕ್ಷರದ ಸೈಜಿನಷ್ಟು), ಅಂದರೆ 612 ಪಿಕ್ಸೆಲ್. ಸಾಲಿಗೆ ಏಳೆಂಟು ಪದ ಬರುತ್ತವೆ. ಇಂಗ್ಲಿಷ್ ಸೈಟುಗಳಲ್ಲಿ '65 ಸಿಎಚ್' ಎಂದು ಅಗಲ ಕೊಡುವ ರೂಢಿ ಇದೆ. ಆ ಅಳತೆ ಫಾಂಟಿನ ಸೊನ್ನೆಯ ಅಗಲದ್ದು. ನಮ್ಮ ಅಕ್ಷರಗಳು ಸೊನ್ನೆಗಿಂತ ಎಷ್ಟೋ ಅಗಲ, ಹಾಗಾಗಿ ಅದನ್ನು ಇಲ್ಲಿಗೆ ತರಬೇಡಿ.

1920 ಪಿಕ್ಸೆಲ್ ಪರದೆಯಲ್ಲಿ ಎರಡೂ ಪಕ್ಕ ಖಾಲಿ ಉಳಿಯುತ್ತದೆ. "ಅಷ್ಟು ಜಾಗ ವೇಸ್ಟ್ ಅಲ್ವಾ?" ಎನ್ನುತ್ತಾರೆ. ಅಲ್ಲ. ಸಾಲು ಉದ್ದವಾದಷ್ಟೂ ಮುಂದಿನ ಸಾಲಿನ ಶುರು ಹುಡುಕುವುದು ಕಣ್ಣಿಗೆ ಕಷ್ಟ. ಫೋಟೋ, ಟೇಬಲ್ ಬೇಕಾದರೆ ಆ ಜಾಗಕ್ಕೆ ಹರಡಲಿ, ಬರಹ ಬೇಡ.

ಇನ್ನು ಫೋನ್. 1080 ಪಿಕ್ಸೆಲ್ ಅಗಲದ ಫೋನು ಬ್ರೌಸರಿಗೆ ಹೇಳುವುದು ಸಾಮಾನ್ಯವಾಗಿ 360 ಎಂದೇ, ಮೂರು ಪಿಕ್ಸೆಲ್ ಸೇರಿ ಒಂದರ ಲೆಕ್ಕ. ಅದೂ ಪುಟದ ಕೋಡಿನಲ್ಲಿ ವ್ಯೂಪೋರ್ಟ್ ಟ್ಯಾಗ್ (ಫೋನಿನ ಅಗಲಕ್ಕೇ ಪುಟ ಹೊಂದಿಸು ಎಂದು ಬ್ರೌಸರಿಗೆ ಹೇಳುವ ಸಾಲು) ಹಾಕಿದ್ದರೆ ಮಾತ್ರ. ಎರಡೂ ಕಡೆ 16 ಬಿಟ್ಟರೆ ಕೈಗೆ ಸಿಗುವುದು 328. ಈಗ 'ವಿದ್ಯಾರ್ಥಿನಿಲಯಗಳಲ್ಲಿರುವವರಿಗೆ' ಎಂದು 32 ಪಿಕ್ಸೆಲ್ ದಪ್ಪಕ್ಷರದಲ್ಲಿ ತಲೆಬರಹ ಹಾಕಿ ನೋಡಿ. ಒಂದೇ ಪದ, ಆದರೂ ಅಂಚು ದಾಟುತ್ತದೆ, ಇಡೀ ಪುಟ ಅಡ್ಡಡ್ಡ ಜಾರುತ್ತದೆ. ಪದ ಮುರಿಯಲು ಬ್ರೌಸರಿಗೆ ಹೇಳಬಹುದು, ಆದರೆ ಅದು ಸಿಕ್ಕಲ್ಲಿ ಕತ್ತರಿಸುತ್ತದೆ. ಫೋನಿನಲ್ಲಿ ತಲೆಬರಹವನ್ನು 24ಕ್ಕೆ ಇಳಿಸಿ, ಪರದೆ ಹಿಗ್ಗಿದಂತೆ ಕ್ಲಾಂಪ್ (ಕನಿಷ್ಠ, ಗರಿಷ್ಠ ಸೈಜಿನ ನಡುವೆ ಹಿಡಿದಿಡುವ ಸಿಎಸ್‌ಎಸ್ ಸೂತ್ರ) ಬಳಸಿ ಬೆಳೆಸುವುದು ವಾಸಿ.

ಅಗಲದಷ್ಟೇ ಎತ್ತರವೂ ಮುಖ್ಯ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಲೈನ್-ಹೈಟ್, ಅಂದರೆ ಒಂದು ಸಾಲಿನ ಎತ್ತರ, ಅಕ್ಷರದ ಸೈಜಿನ 1.4 ಪಟ್ಟು ಇಟ್ಟರೆ 'ರಾಷ್ಟ್ರ'ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ. ನಾನು 1.7ಕ್ಕಿಂತ ಕಡಿಮೆ ಇಡುವುದಿಲ್ಲ. ಬಟನ್‌ಗಳಲ್ಲಿ ಇದು ಇನ್ನೂ ಅಪಾಯ. ಎತ್ತರವನ್ನು ಬಿಗಿಯಾಗಿ ಕೊಟ್ಟು, ಮೀರಿದ್ದನ್ನು ಮರೆಮಾಡಿದರೆ 'ಅರ್ಜಿ ಸಲ್ಲಿಸಿ' ಎಂಬುದು 'ಅರ್ಜಿ ಸಲಿಸಿ' ಆಗಿ ಕಾಣುತ್ತದೆ. ಎತ್ತರ ಕೊಡಲೇಬೇಡಿ. ಮೇಲೆ ಕೆಳಗೆ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಡಿ, ಒತ್ತು ತನ್ನ ಜಾಗ ತಾನೇ ಮಾಡಿಕೊಳ್ಳುತ್ತದೆ.

ವಿನ್ಯಾಸ ಎಲ್ಲಿ ಬದಲಾಗಬೇಕು ಎಂದು ಫೋನ್ ಮಾಡೆಲ್‌ಗಳ ಪಟ್ಟಿ ಹಿಡಿದು ಕೂರಬೇಕಿಲ್ಲ. ಬ್ರೌಸರ್ ಕಿಟಕಿಯನ್ನು ಮೆಲ್ಲಗೆ ಅಗಲ ಮಾಡುತ್ತಾ ಹೋಗಿ, ಪುಟ ಎಲ್ಲಿ ಕೆಡುತ್ತದೋ ಅಲ್ಲೇ ಬ್ರೇಕ್‌ಪಾಯಿಂಟ್. ಪರೀಕ್ಷೆಗೆ ನಿಜವಾದ ಕನ್ನಡ ಬರಹವನ್ನೇ ತುಂಬಿ, 'ಲೋರೆಮ್ ಇಪ್ಸಮ್' ಥರದ ಲ್ಯಾಟಿನ್ ಭರ್ತಿ ಸರಕು ಬೇಡ. 320 ಪಿಕ್ಸೆಲ್‌ಗೂ ಇಳಿಸಿ ನೋಡಿ. ಅಷ್ಟು ಚಿಕ್ಕ ಫೋನು ಈಗ ಯಾರ ಹತ್ತಿರ ಇದೆ ಎನ್ನಬೇಡಿ. 1280 ಅಗಲದ ಕಿಟಕಿಯನ್ನು 400% ಹಿಗ್ಗಿಸಿ ಓದುವ ಮಂದದೃಷ್ಟಿಯವರಿಗೆ ಉಳಿಯುವುದೂ ಅದೇ 320. ಅಡ್ಡ ಜಾರಿಸದೆ ಅಲ್ಲಿ ಓದಲು ಆಗಬೇಕು ಎಂದು ವೆಬ್ ಎಲ್ಲರಿಗೂ ಬಳಸಲು ಬರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1 2018ರಿಂದಲೇ ಹೇಳುತ್ತಿದೆ.