ಕರ್ತವ್ಯದ ಪಟ್ಟಿ ಬರೆದಾಗ ಬೀಗದ ಕೈ ಯಾರ ಹತ್ತಿರ ಇತ್ತು?

ಬೆಂಗಳೂರಿನ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್‌ ನಡುವೆ ಒಂದು ಕಾವಲು ಗೋಪುರ ಇದೆ. ಸುತ್ತ ಹಳೆಯ ಬ್ಯಾರಕ್‌ಗಳು. ಗೋಪುರದ ಮೇಲೆ ನಿಂತ ಒಬ್ಬನೇ ಕಾವಲುಗಾರನಿಗೆ ಎಲ್ಲ ದಿಕ್ಕೂ ಕಾಣಬೇಕು ಎಂದೇ ಹಾಗೆ ಕಟ್ಟಿದ್ದು. ಮೊದಲು ಇದು ಸೆಂಟ್ರಲ್ ಜೈಲು. 2008ರಲ್ಲಿ ಉದ್ಯಾನವಾಯಿತು. ಬೆಳಗ್ಗೆ ವಾಕಿಂಗ್‌ಗೆ ಬರುವವರು ಬರುತ್ತಾರೆ. ಹನ್ನೊಂದರ ಹೊತ್ತಿಗೆ ಊರೂರಿನ ಬಸ್ಸು ಇಳಿದು, ಕೈಯಲ್ಲಿ ಬುತ್ತಿ ಹಿಡಿದು, ಧರಣಿಗೆ ಕೂರುವವರು ಬರುತ್ತಾರೆ.

ನಾನು ಅಲ್ಲಿಗೆ ಹೋದಾಗಲೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಂದು ಪಟ್ಟಿ ನೆನಪಾಗುತ್ತದೆ. ಮೂಲಭೂತ ಕರ್ತವ್ಯಗಳು. ನಾವು ಓದುವಾಗ ಹತ್ತೇ ಇದ್ದವು. ಸಂವಿಧಾನ, ಧ್ವಜ, ರಾಷ್ಟ್ರಗೀತೆಯನ್ನು ಗೌರವಿಸಬೇಕು. ದೇಶ ಕಾಯಬೇಕು. ಕಾಡು, ಕೆರೆ, ನದಿ ಉಳಿಸಬೇಕು. ಸಾರ್ವಜನಿಕ ಆಸ್ತಿ ಕಾಪಾಡಬೇಕು. ಪರೀಕ್ಷೆಯಲ್ಲಿ ಯಾವುದಾದರೂ ಐದು ಬರೆದರೆ ಐದು ಅಂಕ. ಈ ಪಟ್ಟಿ ಎಲ್ಲಿಂದ ಬಂತು, ಯಾವಾಗ ಬಂತು ಎಂದು ಯಾರೂ ಹೇಳಿಕೊಡಲಿಲ್ಲ. ಗಾಂಧಿ, ನೆಹರು, ಅಂಬೇಡ್ಕರ್ ಎಲ್ಲ ಸೇರಿ ಬರೆದದ್ದು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಹಾಗಿರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಲ್ಲಿ ಈ ಪಟ್ಟಿಯೇ ಇರಲಿಲ್ಲ. ಹಕ್ಕುಗಳಿದ್ದವು. ಸರ್ಕಾರ ಏನೇನು ಮಾಡಬೇಕು ಎಂಬ ನಿರ್ದೇಶಕ ತತ್ವಗಳಿದ್ದವು. ಪ್ರಜೆಗೆ ಎಂದು ಬೇರೆ ಪಟ್ಟಿ ಇರಲಿಲ್ಲ.

ಕರ್ತವ್ಯದ ಯೋಚನೆ ಮಾತ್ರ ಇತ್ತು, ಅದೂ ಜೋರಾಗಿಯೇ. 1947ರ ಮೇ ತಿಂಗಳು. ಮಾನವ ಹಕ್ಕುಗಳ ಬಗ್ಗೆ ನಿಮ್ಮ ಅಭಿಪ್ರಾಯ ಬರೆದು ಕಳಿಸಿ ಎಂದು ಯುನೆಸ್ಕೋ ಗಾಂಧೀಜಿಯವರನ್ನು ಕೇಳಿತ್ತು. ಅವರು ಚಿಕ್ಕ ಉತ್ತರ ಬರೆದರು. ಓದು ಬರಹ ಬಾರದ, ಆದರೆ ತಿಳಿವಳಿಕೆಯುಳ್ಳ ನನ್ನ ತಾಯಿಯಿಂದ ಇದನ್ನು ಕಲಿತೆ, ಕರ್ತವ್ಯವನ್ನು ಸರಿಯಾಗಿ ಮಾಡಿದರೆ ಮಾತ್ರ ಹಕ್ಕು ಸಿಗುತ್ತದೆ, ಉಳಿಯುತ್ತದೆ ಎಂಬುದು ಅದರ ಸಾರ. ಆ ಮಾತು ಹೇಳುವ ಯೋಗ್ಯತೆ ಅವರಿಗಿತ್ತು. ಜೈಲಿಗೆ ಮೊದಲು ತಾವು ಹೋಗಿ, ಆಮೇಲೆ ಬೇರೆಯವರನ್ನು ಕರೆದವರು ಅವರು.

ಎರಡು ವರ್ಷದ ನಂತರ, 1949ರ ನವೆಂಬರ್ 25ರಂದು, ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಕೊನೆಯ ದೊಡ್ಡ ಭಾಷಣ ಮಾಡಿದರು. ಅಲ್ಲಿ ಅವರು ಕರ್ತವ್ಯದ ಪಟ್ಟಿ ಕೊಡಲಿಲ್ಲ, ಎಚ್ಚರಿಕೆ ಕೊಟ್ಟರು. ಎಷ್ಟೇ ದೊಡ್ಡ ಮನುಷ್ಯನಾದರೂ ಸರಿ, ನಿಮ್ಮ ಸ್ವಾತಂತ್ರ್ಯವನ್ನು ತೆಗೆದುಕೊಂಡು ಹೋಗಿ ಅವನ ಪಾದದ ಹತ್ತಿರ ಇಡಬೇಡಿ ಎಂದರು. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ಒಯ್ಯುವ ದಾರಿ ಎಂದರು. ಇನ್ನು ಮುಂದೆ ಏನೇ ಕೆಟ್ಟರೂ ಬ್ರಿಟಿಷರನ್ನು ದೂರುವ ಹಾಗಿಲ್ಲ, ನಮ್ಮನ್ನು ನಾವೇ ದೂರಿಕೊಳ್ಳಬೇಕು ಎಂದೂ ಹೇಳಿದರು. ಅದೇ ಭಾಷಣದಲ್ಲಿ, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ, ಅಸಹಕಾರವನ್ನೂ ಬಿಡಬೇಕು ಎಂದರು. ಈ ಒಂದು ಮಾತನ್ನು ನಾನು ಪೂರ್ತಿ ಒಪ್ಪಲಾರೆ. ದಾರಿ ತೆರೆದಿದೆಯೋ ಇಲ್ಲವೋ ಎಂಬುದು ಬಾಗಿಲ ಮುಂದೆ ನಿಂತವನಿಗೇ ಮೊದಲು ಗೊತ್ತಾಗುವುದು, ಅಲ್ವಾ? ಆದರೆ ಪಾದದ ಮಾತು ಮಾತ್ರ ಇಪ್ಪತ್ತಾರು ವರ್ಷ ಆಗುವ ಮೊದಲೇ ನಿಜವಾಯಿತು.

1975ರ ಜೂನ್ 25ರ ರಾತ್ರಿ ಪ್ರಧಾನಿ ಇಂದಿರಾ ಗಾಂಧಿಯವರ ಸರ್ಕಾರ ತುರ್ತು ಪರಿಸ್ಥಿತಿ ತಂದಿತು. ಸಂಸದೀಯ ಸಮಿತಿಯ ಸಭೆಗೆಂದು ಆಗ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಅವರನ್ನು ಮರುದಿನವೇ ಬಂಧಿಸಿದರು. ಅವರನ್ನು ಇಟ್ಟದ್ದು ಇದೇ ಸೆಂಟ್ರಲ್ ಜೈಲಿನಲ್ಲಿ. ವಿಚಾರಣೆ ಇಲ್ಲದೆ ಕೂಡಿಹಾಕಲು ಮೀಸಾ ಕಾಯ್ದೆ ಇತ್ತು. ಪತ್ರಿಕೆಗಳಿಗೆ ಸೆನ್ಸಾರ್. ಬಂಧಿತರು ನಮ್ಮನ್ನು ಯಾಕೆ ಹಿಡಿದಿದ್ದೀರಿ ಎಂದು ಕೋರ್ಟನ್ನು ಕೇಳುವ ಹಾಗೂ ಇಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತು. ಐವರಲ್ಲಿ ಒಬ್ಬರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ, ಮಾತ್ರ ಒಪ್ಪಲಿಲ್ಲ.

ಪ್ರಜೆಯ ಕರ್ತವ್ಯಗಳ ಪಟ್ಟಿ ತಯಾರಾದದ್ದು ಈ ವರ್ಷದಲ್ಲೇ.

1976ರ ಆರಂಭದಲ್ಲಿ ಕಾಂಗ್ರೆಸ್ ಪಕ್ಷ ಸಂವಿಧಾನ ತಿದ್ದುಪಡಿಗೆ ಸರ್ದಾರ್ ಸ್ವರಣ್ ಸಿಂಗ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಗಮನಿಸಿ, ಅದು ಪಕ್ಷದ ಸಮಿತಿ. ಪ್ರಜೆಗಳಿಗೂ ಕರ್ತವ್ಯಗಳ ಒಂದು ಅಧ್ಯಾಯ ಬೇಕು ಎಂದು ಆ ಸಮಿತಿ ಹೇಳಿತು, ಎಂಟನ್ನು ಪಟ್ಟಿ ಮಾಡಿತು. ಸೋವಿಯತ್ ಒಕ್ಕೂಟದ ಸಂವಿಧಾನದಲ್ಲಿ ಇಂಥದ್ದು ಮೊದಲೇ ಇತ್ತು. ಕರ್ತವ್ಯ ಪಾಲಿಸದಿದ್ದರೆ ಶಿಕ್ಷೆ ಕೊಡುವ ಅಧಿಕಾರ ಸಂಸತ್ತಿಗೆ ಇರಬೇಕು, ತೆರಿಗೆ ಕಟ್ಟುವುದೂ ಕರ್ತವ್ಯವಾಗಬೇಕು ಎಂದೂ ಸಮಿತಿ ಹೇಳಿತ್ತು. ಸರ್ಕಾರ ಈ ಎರಡನ್ನೂ ಬಿಟ್ಟಿತು, ಸಂಖ್ಯೆಯನ್ನು ಹತ್ತಕ್ಕೆ ಏರಿಸಿತು. 42ನೇ ತಿದ್ದುಪಡಿಯ ಜೊತೆ 51ಎ ವಿಧಿ ಸೇರಿತು.

ಆ ತಿದ್ದುಪಡಿ ಸಣ್ಣದಲ್ಲ. ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. ಸಂವಿಧಾನ ತಿದ್ದುಪಡಿಗಳನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಎಂದಿತು. ವಿರೋಧ ಪಕ್ಷದ ಎಷ್ಟೋ ಸದಸ್ಯರು ಜೈಲಿನಲ್ಲಿದ್ದಾಗ ಇದು ಪಾಸಾಯಿತು. ಕರ್ತವ್ಯಗಳು ಜಾರಿಗೆ ಬಂದದ್ದು 1977ರ ಜನವರಿ 3ರಂದು.

ಆ ದಿನ ಬೆಂಗಳೂರಿನ ಇದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ರಂಗಭೂಮಿ, ಸಿನಿಮಾ ಎರಡರಲ್ಲೂ ಹೆಸರಾದ ಕಲಾವಿದೆ. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದರು. ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದರು ಎಂಬ ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರು, ಆದರೆ ಅವರ ಮೇಲೆ ಆರೋಪ ಸಾಬೀತಾಗುವುದಿರಲಿ, ಆರೋಪಪಟ್ಟಿಯಲ್ಲೂ ಅವರು ಉಳಿಯಲಿಲ್ಲ. ಮೀಸಾದಡಿ ಒಳಗೇ ಇಟ್ಟುಕೊಂಡರು. ಅವರಿಗೆ ತೀವ್ರ ಆಸ್ತಮಾ. ಜೈಲಿನಲ್ಲಿ ಅವರು ದಿನಚರಿ ಬರೆದರು, ಒಳಗಿನ ಹೆಂಗಸರ ಪಾಡು ಕಂಡು ಅವರ ಪರವಾಗಿ ನಿಂತರು. ಕಾಯಿಲೆ ಉಲ್ಬಣಿಸಿದ ಮೇಲೆ ಜನವರಿ 15ರಂದು ಪೆರೋಲ್ ಸಿಕ್ಕಿತು. 20ರಂದು ತೀರಿಕೊಂಡರು. ಕರ್ತವ್ಯಗಳು ಜಾರಿಯಾಗಿ ಹದಿನೇಳು ದಿನ. ಚುನಾವಣೆ ಘೋಷಣೆಯಾಗಿ ಎರಡು ದಿನ.

ಆ ಹತ್ತರಲ್ಲಿ ಎರಡನೆಯದು, ಸ್ವಾತಂತ್ರ್ಯ ಹೋರಾಟಕ್ಕೆ ಸ್ಫೂರ್ತಿ ಕೊಟ್ಟ ಆದರ್ಶಗಳನ್ನು ಪಾಲಿಸಬೇಕು ಎನ್ನುತ್ತದೆ. ಐದನೆಯದು, ಹೆಣ್ಣಿನ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡಬೇಕು ಎನ್ನುತ್ತದೆ. ಆ ಸಾಲುಗಳನ್ನು ಬರೆಸಿದವರಿಗಿಂತ ಚೆನ್ನಾಗಿ ಪಾಲಿಸಿದವರು ಬೀಗದ ಒಳಗಿದ್ದರು. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿ ಸೋತರು. ಜನತಾ ಸರ್ಕಾರ 43 ಮತ್ತು 44ನೇ ತಿದ್ದುಪಡಿ ತಂದು 42ರ ಬಹಳಷ್ಟನ್ನು ಕಿತ್ತುಹಾಕಿತು. ಲೋಕಸಭೆ ಮತ್ತೆ ಐದು ವರ್ಷಕ್ಕೆ ಬಂತು. ಬದುಕುವ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದಾಯಿತು. ಆದರೆ ಕರ್ತವ್ಯದ ಪಟ್ಟಿಯನ್ನು ಅವರೂ ಮುಟ್ಟಲಿಲ್ಲ. ಸರಿಯಾಗಿಯೇ ಮಾಡಿದರು ಅಂತ ನನಗನ್ನಿಸುತ್ತದೆ. ಹುಟ್ಟಿದ ಹೊತ್ತು ಕೆಟ್ಟದ್ದು ಎಂದ ಮಾತ್ರಕ್ಕೆ ಕೂಸು ಕೆಟ್ಟದ್ದಲ್ಲ. ಸಾಲುಗಳನ್ನು ಒಂದೊಂದಾಗಿ ಓದಿದರೆ, ಬೇಡ ಎನ್ನುವಂಥದ್ದು ಅಲ್ಲಿ ಯಾವುದೂ ಇಲ್ಲ. ಪ್ರಶ್ನೆ ಬೇರೆ. ಈ ಋಣ ಯಾರಿಗೆ? ಸರ್ಕಾರಕ್ಕೋ, ಪಕ್ಕದ ಮನೆಯವನಿಗೋ?

ಕೋರ್ಟುಗಳು ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಹುಡುಕಿದವು. 1985ರಲ್ಲಿ ಕೇರಳದ ಒಂದು ಶಾಲೆ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಗೆ ಹಾಕಿತು. ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟು ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಎದ್ದು ನಿಂತಿದ್ದೇ ಗೌರವ, ಹಾಡಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ನಮ್ಮ ಪರಂಪರೆ ಸಹನೆ ಕಲಿಸುತ್ತದೆ, ಸಂವಿಧಾನ ಅದನ್ನು ಪಾಲಿಸುತ್ತದೆ, ಅದನ್ನು ತೆಳುವಾಗಿಸಬೇಡಿ ಎಂಬ ಅರ್ಥದ ಮಾತು ಆ ತೀರ್ಪಿನ ಕೊನೆಯಲ್ಲಿದೆ. ಮುಂದೆ 2016ರಲ್ಲಿ ಸಿನಿಮಾ ಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಎಂದು ಅದೇ ಕೋರ್ಟು ಹೇಳಿತು, 2018ರ ಜನವರಿಯಲ್ಲಿ ಕಡ್ಡಾಯವಲ್ಲ ಎಂದು ಬದಲಿಸಿತು.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು 2001ರ ಒಂದು ತೀರ್ಪು. ದೆಹಲಿಯ ಏಮ್ಸ್ ವಿದ್ಯಾರ್ಥಿಗಳ ಪ್ರಕರಣ. ಪ್ರತಿ ಪ್ರಜೆಯ ಕರ್ತವ್ಯ ಎಂದರೆ ಎಲ್ಲ ಪ್ರಜೆಗಳನ್ನೂ ಒಟ್ಟು ಸೇರಿಸಿದ ಸರ್ಕಾರದ ಕರ್ತವ್ಯವೂ ಹೌದು ಎಂದು ಅದರಲ್ಲಿ ಹೇಳಿದ್ದಾರೆ. ಅಂದರೆ ಕೆರೆ ಉಳಿಸು ಎಂದು ನನಗೆ ಹೇಳುವ ಕಚೇರಿ ಕೆರೆಗೆ ಚರಂಡಿ ನೀರು ಬಿಡುವ ಹಾಗಿಲ್ಲ. ಪಟ್ಟಿ ಒಂದೇ ಕಡೆ ತೋರುವ ಬೆರಳಲ್ಲ.

ಕೆಲವು ಸಲ ಈ ಸಾಲುಗಳು ನಮ್ಮ ಮನೆ ಬಾಗಿಲಿಗೂ ಬಂದಿವೆ. ಪ್ರಾಣಿಗಳ ಮೇಲೆ ದಯೆ ಇರಲಿ ಎನ್ನುವ ಏಳನೆಯ ಕರ್ತವ್ಯವನ್ನು ಆಧಾರ ಮಾಡಿಕೊಂಡು 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ನಿಲ್ಲಿಸಿತು. ಅದರ ಬಿಸಿ ಕರಾವಳಿಯ ಕಂಬಳಕ್ಕೂ ತಟ್ಟಿತು. ಕರ್ನಾಟಕ ಕಾನೂನು ತಿದ್ದಿತು, 2023ರಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಎಂಟನೆಯ ಕರ್ತವ್ಯದ ಕಥೆ ಇನ್ನೂ ಹತ್ತಿರದ್ದು. ವೈಜ್ಞಾನಿಕ ಮನೋಭಾವ, ಮಾನವೀಯತೆ, ವಿಚಾರಿಸಿ ನೋಡುವ ಗುಣ ಬೆಳೆಸಿಕೊಳ್ಳಬೇಕು ಎನ್ನುತ್ತದೆ ಅದು. ದೆಹಲಿಯಲ್ಲಿ ಈ ಸಾಲು ಸಿದ್ಧವಾಗುತ್ತಿದ್ದ 1976ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಪವಾಡ ಮಾಡುವುದು ನಿಜವಾದರೆ ನಮ್ಮೆದುರು ಮಾಡಿ ತೋರಿಸಿ ಎಂದು ಪತ್ರ ಬರೆದರು. ಟೀಕೆ ಕಡಿಮೆ ಬರಲಿಲ್ಲ. ಅವರು ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದವರು. ಗೌರಿಬಿದನೂರಿನ ಹೊಸೂರಿನ ಬಡ ಮನೆಯ ಹುಡುಗ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಹಾಕಿಕೊಂಡು ಕೊನೆಯವರೆಗೂ ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಇದ್ದರು. ಆ ಕರ್ತವ್ಯವನ್ನು ಅವರಿಗೆ ಯಾವ ಸರ್ಕಾರವೂ ಹೇಳಿಕೊಡಬೇಕಾಗಿರಲಿಲ್ಲ.

ಪಟ್ಟಿಯನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲು ಆಗುವುದಿಲ್ಲ, ಆದರೆ ಜನರಿಗೆ ಕಲಿಸಬಹುದಲ್ಲ? 1998ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಇದೇ ಮಾತನ್ನು ಸುಪ್ರೀಂ ಕೋರ್ಟಿಗೆ ಪತ್ರ ಬರೆದು ಹೇಳಿದರು. ಕಲಿಸುವ ದಾರಿ ನೋಡಲು ಆಗಲೇ ಜೆ.ಎಸ್. ವರ್ಮಾ ಸಮಿತಿಯೂ ಕೆಲಸ ಶುರು ಮಾಡಿತ್ತು. 1999ರಲ್ಲಿ ವರದಿ ಬಂತು. 2002ರಲ್ಲಿ 86ನೇ ತಿದ್ದುಪಡಿ ಹನ್ನೊಂದನೆಯ ಕರ್ತವ್ಯ ಸೇರಿಸಿತು: 6ರಿಂದ 14 ವರ್ಷದ ಮಕ್ಕಳನ್ನು ತಂದೆತಾಯಿ ಓದಿಸಬೇಕು. ಅದೇ ತಿದ್ದುಪಡಿ ಶಿಕ್ಷಣವನ್ನು ಮಗುವಿನ ಹಕ್ಕನ್ನಾಗಿಯೂ ಮಾಡಿತು. ಹನ್ನೊಂದರಲ್ಲಿ ಇದೊಂದೇ ಹಕ್ಕು ಕರ್ತವ್ಯ ಎರಡೂ ಜೋಡಿಯಾಗಿ ಬಂದದ್ದು. ಹಾಗಾಗಿ ನನಗೆ ಇದು ಎಲ್ಲಕ್ಕಿಂತ ಇಷ್ಟ.

ಆ ವರ್ಷವೇ ಸಂವಿಧಾನದ ಕೆಲಸವನ್ನು ಪರಿಶೀಲಿಸಿದ ರಾಷ್ಟ್ರೀಯ ಆಯೋಗವೂ ವರದಿ ಕೊಟ್ಟಿತು. ಅದರ ಅಧ್ಯಕ್ಷರು ನಮ್ಮ ಬೆಂಗಳೂರಿನವರೇ ಆದ ಎಂ.ಎನ್. ವೆಂಕಟಾಚಲಯ್ಯ. ಮತ ಹಾಕುವುದು, ಆಡಳಿತದಲ್ಲಿ ಭಾಗವಹಿಸುವುದು, ತೆರಿಗೆ ಕಟ್ಟುವುದು, ಇವೂ ಪಟ್ಟಿಗೆ ಸೇರಲಿ ಎಂದು ಆಯೋಗ ಹೇಳಿತು. ಇಂದಿಗೂ ಸೇರಿಲ್ಲ. ಹೌದು, ಮತದಾನ ನಮ್ಮ ಮೂಲಭೂತ ಕರ್ತವ್ಯಗಳಲ್ಲಿ ಇಲ್ಲ! ಎಷ್ಟು ಜನಕ್ಕೆ ಇದು ಗೊತ್ತು?

ತೆರಿಗೆಯನ್ನಂತೂ ಪಟ್ಟಿ ಇಲ್ಲದೆಯೂ ಎಲ್ಲರೂ ಕಟ್ಟುತ್ತಾರೆ. ಅಂಗಡಿಯಲ್ಲಿ ಸೋಪು ಕೊಳ್ಳುವ ಅಜ್ಜಿಯೂ ಕಟ್ಟುತ್ತಾಳೆ. ಮತದ ಮಾತು ಬೇರೆ. 2024ರ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಶೇ 70ಕ್ಕಿಂತ ಜಾಸ್ತಿ ಮತದಾನವಾಯಿತು. ಮಂಡ್ಯದಲ್ಲಿ ಶೇ 81 ದಾಟಿತು. ಬೆಂಗಳೂರು ಕೇಂದ್ರ, ಉತ್ತರ, ದಕ್ಷಿಣ ಮೂರೂ ಕ್ಷೇತ್ರಗಳು ಶೇ 53–54ರ ಆಸುಪಾಸಿನಲ್ಲೇ ನಿಂತವು. ವಾಜಪೇಯಿ, ಅಡ್ವಾಣಿ, ಸ್ನೇಹಲತಾ ಇದ್ದ ಜೈಲು ಇರುವ ಊರು ಇದು. ಸರದಿಯಲ್ಲಿ ಅರ್ಧ ಗಂಟೆ ನಿಲ್ಲಲು ಆಗದ ನಮಗೆ ಅವರು ಒಳಗೆ ಕಳೆದ ತಿಂಗಳುಗಳ ಲೆಕ್ಕ ಯಾಕೆ ನೆನಪಾಗುವುದಿಲ್ಲ? ಕಡ್ಡಾಯ ಮಾಡಿ ಎಂದು ನಾನು ಕೇಳುತ್ತಿಲ್ಲ. ಬಲವಂತದ ಕರ್ತವ್ಯ ಹೇಗಿರುತ್ತದೆ ಎಂದು 1976 ತೋರಿಸಿದೆ.

ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಾದರೆ ಫ್ರೀಡಂ ಪಾರ್ಕಿನಲ್ಲೇ ಮಾಡಬೇಕು ಎಂದು 2021ರಲ್ಲಿ ಪೊಲೀಸ್ ಆದೇಶ ಬಂತು. ಇಡೀ ನಗರಕ್ಕೆ ಒಂದೇ ಜಾಗ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಆದರೂ ಜನ ಬರುತ್ತಾರೆ. 2025ರ ಜನವರಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಆಶಾ ಕಾರ್ಯಕರ್ತೆಯರು ಬಂದಿದ್ದರು. ತಿಂಗಳ ಗೌರವಧನ ಹೆಚ್ಚಿಸಬೇಕು ಎಂಬುದು ಬೇಡಿಕೆ. ಹಗಲು ರಾತ್ರಿ ಅಲ್ಲೇ ಕೂತರು, ಚಳಿಯಲ್ಲಿ ಅಲ್ಲೇ ಮಲಗಿದರು. ಇವರು ಕೋವಿಡ್ ಕಾಲದಲ್ಲಿ ಮನೆಮನೆಯ ಬಾಗಿಲು ತಟ್ಟಿ ಜ್ವರ ವಿಚಾರಿಸಿದವರು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು. ನಾಲ್ಕನೆಯ ದಿನ ಸರ್ಕಾರ ಮಾತುಕತೆಗೆ ಕರೆದು, ಏಪ್ರಿಲ್‌ನಿಂದ ತಿಂಗಳಿಗೆ 10,000 ರೂಪಾಯಿ ಕೊಡುತ್ತೇವೆ ಎಂದು ಒಪ್ಪಿತು. ಗುಲಾಬಿ ಸೀರೆಯ ಸಾಲು ಎದ್ದು, ಚಾಪೆ ಮಡಚಿ, ಹಳೆಯ ಜೈಲಿನ ಗೇಟಿನಿಂದ ಹೊರಗೆ ನಡೆಯಿತು. ಊರಿಗೆ ಹೋದ ಮೇಲೆ ಮರುದಿನದ ಕೆಲಸ ಕಾದಿತ್ತು.