ಅಡಿಕೆ ತೋಟಕ್ಕೆ ತಡವಾಗಿ ಬಂದ ಕಾನೂನು

ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಒಮ್ಮೆ ಮರ ಹತ್ತಿದರೆ ಬೇಗ ಇಳಿಯುವುದಿಲ್ಲ. ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಳೆಗಾಲದಲ್ಲಿ ಅದೇ ಮರ ಪಾಚಿಗಟ್ಟಿ ಜಾರುತ್ತಿರುತ್ತದೆ. ಬಿದ್ದರೆ ಬೆನ್ನುಮೂಳೆ ಮುರಿಯುತ್ತದೆ, ಇಲ್ಲವೇ ಜೀವ ಹೋಗುತ್ತದೆ. ಆಮೇಲೆ ಊರಿನ ರಾಜಿ: ಆಸ್ಪತ್ರೆ ಖರ್ಚು, ಕೈಗೊಂದಿಷ್ಟು ದುಡ್ಡು. ಕಾನೂನಿನ ಮಾತೆತ್ತಿದವನೇ ಕೆಟ್ಟವನಾಗುತ್ತಾನೆ.

1855ರ ಮಾರಕ ಅಪಘಾತ ಕಾಯ್ದೆಯಡಿ ಸತ್ತವನ ಕುಟುಂಬ ದಾವೆ ಹೂಡಬಹುದಿತ್ತು. ಆದರೆ ಮಾಲೀಕನ ತಪ್ಪನ್ನು ಸಾಬೀತುಪಡಿಸುವ ಹೊರೆ ಅವರದೇ. ಜೊತೆಗಾರನ ಅಜಾಗರೂಕತೆಯಿಂದ ಪೆಟ್ಟಾದರೆ ಮಾಲೀಕ ಹೊಣೆಯಲ್ಲ ಎಂಬ ವಾದವನ್ನು ಇಂಗ್ಲೆಂಡಿನ ನ್ಯಾಯಾಲಯಗಳು 1837ರಿಂದಲೇ ಒಪ್ಪಿಕೊಂಡಿದ್ದವು. ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಕ್ರಮವನ್ನು 1884ರಲ್ಲಿ ಜರ್ಮನಿ, 1897ರಲ್ಲಿ ಬ್ರಿಟನ್ ತಂದವು. ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆಯಾದದ್ದು 1923ರಲ್ಲಿ, ಜಾರಿಯಾದದ್ದು 1924ರ ಜುಲೈ 1ರಂದು. ಸಾವಿಗೆ 30 ತಿಂಗಳ ಕೂಲಿ, ಅದೂ 2,500 ರೂಪಾಯಿ ಮೀರುವಂತಿಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಇದ್ದಿಲು ಸುಟ್ಟು ಉತ್ಪಾದನೆ ಆರಂಭಿಸಿದ್ದೂ 1923ರಲ್ಲೇ. ಆದರೆ ಮೈಸೂರು ಸಂಸ್ಥಾನಕ್ಕೆ ಬ್ರಿಟಿಷ್ ಭಾರತದ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಅದು ಇಲ್ಲಿಗೆ ವಿಸ್ತರಣೆಯಾದದ್ದು 1951ರಲ್ಲಿ. ಕಾರ್ಖಾನೆಗಾದರೂ ಗೇಟು, ಹಾಜರಿ ಪುಸ್ತಕ, ಸಂಘ ಇದ್ದವು. ತೋಟಕ್ಕೆ ಯಾವುದೂ ಇರಲಿಲ್ಲ. ಮರ ಕಡಿಯುವವರು, ಕಾಡಿನ ಬೆಂಕಿ ಆರಿಸುವವರು ಕಾಯ್ದೆಯ ಅನುಸೂಚಿಯಲ್ಲಿ, ಎಂದರೆ ಪರಿಹಾರಕ್ಕೆ ಒಳಪಡುವ ಕೆಲಸಗಳ ಪಟ್ಟಿಯಲ್ಲಿ, ಇದ್ದರು. ತೋಟಗಾರಿಕೆ ಸೇರಿದ್ದು ಮುಂದಿನ ತಿದ್ದುಪಡಿಯಿಂದ. ‘ಸಾಂದರ್ಭಿಕ ಕೆಲಸದವನು’ ಎಂದು ಕೈಬಿಡಲು ಆಸ್ಪದವಿದ್ದ ಮಾತು 2000ದ ತಿದ್ದುಪಡಿಯಲ್ಲಿ ಹೋಯಿತು. ನನ್ನ ಮಟ್ಟಿಗೆ ಕೊನೆಗೌಡನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅದೇ.

ರಾಜಿಯ ದುಡ್ಡನ್ನು ಕಾಯ್ದೆಯ ಲೆಕ್ಕದ ಪಕ್ಕ ಇಟ್ಟು ನೋಡಬೇಕು. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ವೇತನದ ಮಿತಿ 15,000 ರೂಪಾಯಿ. ಸತ್ತವನಿಗೆ 40 ವರ್ಷವಾಗಿದ್ದರೆ ಅದರ ಅರ್ಧವನ್ನು ಆ ವಯಸ್ಸಿಗೆ ಕಾಯ್ದೆ ಗೊತ್ತುಮಾಡಿದ 184.17ರಿಂದ ಗುಣಿಸಬೇಕು: 13,81,275 ರೂಪಾಯಿ. ಆ ಹಣವನ್ನು 1923ರ ಕಾಯ್ದೆಯಡಿ ನೇಮಕವಾದ ಆಯುಕ್ತರಲ್ಲೇ ಠೇವಣಿ ಇಡಬೇಕಿತ್ತು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು, ಸಣ್ಣ ಮುಂಗಡವೊಂದನ್ನು ಬಿಟ್ಟರೆ, ಪರಿಹಾರವೆನಿಸುವುದಿಲ್ಲ. ಪಂಚಾಯಿತಿಕೆಯ ಕಾಗದಕ್ಕೆ ಎಷ್ಟು ಹಿರಿಯರು ರುಜು ಹಾಕಿದ್ದರೂ ಅಷ್ಟೇ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಮಾಲೀಕ ಯಾರು ಎಂಬ ಹಳೆಯ ತಕರಾರು ಮಾತ್ರ ತೋಟದಲ್ಲಿ ಹಾಗೆಯೇ ಉಳಿದಿದೆ. ಮರದ ಮೇಲಿನ ಫಸಲನ್ನು ಚೇಣಿಗೆ, ಎಂದರೆ ಗುತ್ತಿಗೆಗೆ, ಕೊಟ್ಟ ತೋಟದವರು ಚೇಣಿದಾರನತ್ತ ಕೈ ತೋರಿಸುತ್ತಾರೆ, ಚೇಣಿದಾರ ಕೊನೆಗೌಡನ ತಂಡದ ಮೇಸ್ತ್ರಿಯತ್ತ. ಚೇಣಿ ನಿಂತಿರುವುದು ಬಾಯಿಮಾತಿನ ಮೇಲೆ, ಕೂಲಿ ಸಲ್ಲುವುದು ಕೈಯಿಂದ ಕೈಗೆ. ಹಾಗಾಗಿ ಬಿದ್ದವನು ಮೊದಲು ಸಾಬೀತುಪಡಿಸಬೇಕಾದದ್ದು ತಾನು ಯಾರ ಕೆಲಸಕ್ಕೆ ಆ ಮರ ಹತ್ತಿದ್ದೆ ಎಂಬುದನ್ನು.