ಬೊಮ್ಮಸಂದ್ರದಿಂದ 500 ಕಿ.ಮೀ.: ಬೆಂಗಳೂರಿನ ಎಲೆಕ್ಟ್ರಿಕ್ ಕಾರಿನ ಹಳೇ ಲೆಕ್ಕ

2022ರ ಆಗಸ್ಟ್ 15ರಂದು ಬೆಂಗಳೂರಿನ ಸ್ಕೂಟರ್ ಕಂಪನಿ ಓಲಾ ಎಲೆಕ್ಟ್ರಿಕ್ ಒಂದು ಕಾರು ತರುವುದಾಗಿ ಹೇಳಿತು. ಒಂದು ಚಾರ್ಜಿಗೆ 500 ಕಿ.ಮೀ.ಗೂ ಹೆಚ್ಚು ಓಟ, ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 4 ಸೆಕೆಂಡು, 2024ಕ್ಕೆ ರಸ್ತೆಗೆ. 2024ರ ಆಗಸ್ಟಿನಲ್ಲಿ ಕಂಪನಿಯ ಷೇರು 76 ರೂಪಾಯಿಗೆ ಪೇಟೆಗೆ ಬಂತು, ಕಾರು ಬರಲಿಲ್ಲ. ಸದ್ಯಕ್ಕೆ ದ್ವಿಚಕ್ರವೇ ಸಾಕೆಂದು ಆ ಯೋಜನೆ ಬದಿಗೆ ಸರಿಯಿತು. ಮುಂದೆ ಷೇರು 76ರ ಕೆಳಗಿಳಿಯಿತು, ಸ್ಕೂಟರ್ ಮಾರಾಟದಲ್ಲಿದ್ದ ಮೊದಲ ಸ್ಥಾನವೂ ಕೈತಪ್ಪಿತು. ಈಗ ಆ ಕಾರಿನ ಮಾತೆತ್ತಿದರೆ ಎರಡು ಪಂಗಡ. ಸ್ಕೂಟರನ್ನೂ ಆಗದ ಕೆಲಸ ಎಂದಿದ್ದರು, ಮಾಡಿ ತೋರಿಸಲಿಲ್ಲವೇ ಎನ್ನುವವರು ಒಂದು ಕಡೆ. ಕೈಯಲ್ಲಿರುವ ಸ್ಕೂಟರಿಗೆ ಮೊದಲು ಸರಿಯಾಗಿ ಸರ್ವಿಸ್ ಕೊಡಲಿ ಎನ್ನುವವರು ಇನ್ನೊಂದು ಕಡೆ.

ಇದೇ ವಾದ ಇದೇ ಊರಿನಲ್ಲಿ ಇಪ್ಪತ್ತು ವರ್ಷದ ಹಿಂದೆಯೂ ನಡೆದಿತ್ತು. ಆಗಿನ ಕಾರು ರೇವಾ. ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ 1994ರಲ್ಲಿ ಕಂಪನಿ ಕಟ್ಟಿದವು. ಚೇತನ್ ಮೈನಿ ಮುಂದಾಳತ್ವದಲ್ಲಿ ಬೊಮ್ಮಸಂದ್ರದಲ್ಲಿ ತಯಾರಾದ ಕಾರು 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿ ನಗರದೊಳಕ್ಕೆ ಬರುವ ವಾಹನಗಳಿಗೆ ಹಾಕುತ್ತಿದ್ದ ದಟ್ಟಣೆ ಶುಲ್ಕ ಇದಕ್ಕೆ ಇರಲಿಲ್ಲ, ಹಾಗಾಗಿ ಅಲ್ಲಿ ಗಿರಾಕಿ ಸಿಕ್ಕರು. ಇಲ್ಲಿ ಅಂಥ ಯಾವ ಅನುಕೂಲವೂ ಇಲ್ಲದೆ ಪೆಟ್ರೋಲ್ ಕಾರಿನ ಎದುರು ನಿಲ್ಲಬೇಕಾಯಿತು.

ರೇವಾದ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೀಟಿನ ಅಡಿಯಲ್ಲಿ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಸಾಲಾಗಿ ಜೋಡಿಸಿದ್ದು. ಒಟ್ಟು 48 ವೋಲ್ಟ್, 200 ಆಂಪಿಯರ್-ಅವರ್, ಅಂದರೆ 9.6 ಯೂನಿಟ್ ವಿದ್ಯುತ್. ಬ್ಯಾಟರಿಯೂ ಸೇರಿ ಕಾರಿನ ತೂಕ 665 ಕಿಲೊ, ಅದರಲ್ಲಿ 250 ಕಿಲೊಗೂ ಹೆಚ್ಚು ಬರೀ ಬ್ಯಾಟರಿ. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಪೂರ್ತಿ ಚಾರ್ಜಿಗೆ 8 ಗಂಟೆ, ಓಟ 80 ಕಿ.ಮೀ. ಎಂದು ಕಂಪನಿಯ ಲೆಕ್ಕ. ಆ ಲೆಕ್ಕ ಸುಳ್ಳಲ್ಲ, ಆದರೆ ಅದು ಹೊಸ ಬ್ಯಾಟರಿಯದು, ಸಮತಟ್ಟು ರಸ್ತೆಯದು. 13 ಕಿಲೋವ್ಯಾಟ್ ಮೋಟಾರು ಪೂರಾ ಬಲ ಹಾಕಿದಾಗ 48 ವೋಲ್ಟಿನಲ್ಲಿ 270 ಆಂಪಿಯರ್ ಎಳೆಯುತ್ತದೆ. ಅಷ್ಟು ಜೋರಾಗಿ ಎಳೆದರೆ ಲೆಡ್ ಆಸಿಡ್ ಬ್ಯಾಟರಿ ತನ್ನ ಮೇಲೆ ಬರೆದಷ್ಟು ಕೊಡುವುದೇ ಇಲ್ಲ. ಫ್ಲೈಓವರ್ ಹತ್ತಿ, ಏಸಿ ಹಾಕಿ, ಸಿಗ್ನಲ್ಲಿನಲ್ಲಿ ನಿಂತು ಹೊರಟರೆ 80 ಎಲ್ಲಿಂದ ಬರಬೇಕು?

ನಿಜವಾದ ತೊಂದರೆ ಶುರುವಾಗುತ್ತಿದ್ದದ್ದು ವರ್ಷ ಎರಡು ವರ್ಷ ಕಳೆದ ಮೇಲೆ. ಡಿಸ್ಟಿಲ್ಡ್ ವಾಟರ್ ಹಾಕಲು ತಡವಾಗಿ ಪ್ಲೇಟು ಹೊರಗೆ ಕಂಡರೆ ಆ ಭಾಗ ಸತ್ತ ಹಾಗೆ. ಅರ್ಧ ಚಾರ್ಜಿನಲ್ಲೇ ವಾರಗಟ್ಟಲೆ ನಿಲ್ಲಿಸಿದರೆ ಸಲ್ಫೇಟ್ ಗಟ್ಟಿಕಟ್ಟಿ ಚಾರ್ಜ್ ಹಿಡಿಯುವುದಿಲ್ಲ. ಎಂಟೂ ಸಾಲಿನಲ್ಲಿರುವುದರಿಂದ ಒಂದು ಕೂತರೂ ಸಾಕು, ಕಾರೇ ಕೂತಿತು. ಯಾವುದು ಹೋಗಿದೆ ಎಂದು ಹಿಡಿಯುವುದು ಕಷ್ಟವಲ್ಲ. ಪೂರ್ತಿ ಚಾರ್ಜ್ ಮಾಡಿ, ನಾಲ್ಕೈದು ಗಂಟೆ ಬಿಟ್ಟು, ಒಂದೊಂದಕ್ಕೇ ಮಲ್ಟಿಮೀಟರ್ ಹಿಡಿಯಬೇಕು. ಚೆನ್ನಾಗಿರುವುದು 6.3ರಿಂದ 6.4 ವೋಲ್ಟ್ ತೋರಿಸುತ್ತದೆ, 6.1ಕ್ಕೆ ಬಂದದ್ದರ ಮೇಲೆ ಅನುಮಾನ ಪಡಬೇಕು. ಆಸಿಡ್‌ಗೆ ಅದರ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರೆ 1.26–1.28 ಇರಬೇಕು. ಬಹಳ ಜನ ಇಲ್ಲಿಯವರೆಗೆ ಸರಿಯಾಗಿ ಬಂದು ಆಮೇಲೆ ಎಡವುತ್ತಿದ್ದರು: ಕೆಟ್ಟ ಒಂದನ್ನು ತೆಗೆದು ಹೊಸದೊಂದನ್ನು ಹಾಕುವುದು. ಹಳೇ ಏಳು ಬೇಗ ತುಂಬಿ ಬೇಗ ಬರಿದಾಗುತ್ತವೆ, ಹೊಸದು ಪೂರ್ತಿ ತುಂಬುವಷ್ಟು ಹೊತ್ತು ಚಾರ್ಜರ್ ಓಡಿದರೆ ಹಳೆಯವುಗಳ ನೀರು ಕುದಿಯುತ್ತದೆ. ಆರು ತಿಂಗಳಲ್ಲಿ ಮತ್ತೊಂದು ಕೂರುತ್ತದೆ. ಎಂಟನ್ನೂ ಒಟ್ಟಿಗೆ ಬದಲಾಯಿಸಬೇಕು, ಆ ಖರ್ಚು ಕೇಳಿದಾಗ ಕಾರಿನ ಮೇಲಿನ ಪ್ರೀತಿ ಅಲ್ಲಿಗೇ ನಿಲ್ಲುತ್ತಿತ್ತು.

ಲಿಥಿಯಂ ಹಾಕಿದ ರೇವಾ 2009ರಲ್ಲಿ ಬಂತು. ದುಡ್ಡಿನ ಬಲ ಸಾಲದೆ 2010ರ ಮೇ ತಿಂಗಳಲ್ಲಿ ಶೇ 55.2ರಷ್ಟು ಪಾಲು ಮಹೀಂದ್ರಾ ಕೈಗೆ ಹೋಯಿತು. ಆ ವರ್ಷ ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ವಾಹನಗಳಿಗೆ ಸಬ್ಸಿಡಿಯನ್ನೂ ತಂದಿತು, 2012ರ ಮಾರ್ಚಿಗೆ ಅದು ಮುಗಿಯಿತು. ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ತಯಾರಿಸಬಲ್ಲ ಹೊಸ ಘಟಕ ತೆರೆದದ್ದು 2012ರ ಆಗಸ್ಟಿನಲ್ಲಿ. ರೇವಾದ ನಂತರದ ಕಾರು ಇ2ಓ ಮಾರುಕಟ್ಟೆಗೆ ಬಂದದ್ದು 2013ರ ಮಾರ್ಚಿನಲ್ಲಿ. ಮುಂದಿನ ಸಬ್ಸಿಡಿ ಯೋಜನೆಯಾದ ಫೇಮ್ ಜಾರಿಯಾದದ್ದು 2015ರ ಏಪ್ರಿಲಿನಲ್ಲಿ. ಅಂದರೆ ಕಾರಿಗೆ ಆಸರೆ ಬೇಕಿದ್ದ ಮೊದಲ ಎರಡು ವರ್ಷ ಕೇಂದ್ರದ ಸಬ್ಸಿಡಿಯೇ ಇರಲಿಲ್ಲ. 2019ರ ಏಪ್ರಿಲಿನಲ್ಲಿ ಬಂದ ಎರಡನೇ ಫೇಮ್ ಕಾರುಗಳ ಮಟ್ಟಿಗೆ ಟ್ಯಾಕ್ಸಿಯಂಥ ವಾಣಿಜ್ಯ ಬಳಕೆಗೆ ಮಾತ್ರ ಸಬ್ಸಿಡಿ ಇಟ್ಟಿತು, ಸ್ವಂತ ಬಳಕೆಯವರನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ಇ2ಓದ ಮುಂದಿನ ರೂಪವಾದ ಇ2ಓ ಪ್ಲಸ್ ಉತ್ಪಾದನೆಯೂ ನಿಂತಿತು. ಕಾರೇ ಕೆಟ್ಟದಿತ್ತು ಎಂದು ಹೇಳುವವರು ಈ ತಾರೀಖುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಕರ್ನಾಟಕ 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದಿತು, ಬೆಸ್ಕಾಂ ಚಾರ್ಜಿಂಗ್ ಕೇಂದ್ರಗಳನ್ನು ತೆರೆಯಿತು. ಆದರೆ ಬೊಮ್ಮಸಂದ್ರದ ಪುಟ್ಟ ಕಾರಿಗೆ ಆ ನೀತಿಯ ಫಲ ಸಿಗುವ ಹೊತ್ತಿಗೆ ಕಾರಿನ ಕಾಲವೇ ಮುಗಿಯುತ್ತಾ ಬಂದಿತ್ತು.

ಇನ್ನು ಓಲಾ ಹೇಳಿದ 500 ಕಿ.ಮೀ. ಕಾರಿನ ಲೆಕ್ಕ. ಯೂನಿಟ್ಟಿಗೆ 6–7 ಕಿ.ಮೀ. ಎಂದುಕೊಂಡರೆ ಸುಮಾರು 70ರಿಂದ 83 ಯೂನಿಟ್ಟಿನ ಬ್ಯಾಟರಿ ಪ್ಯಾಕ್ ಬೇಕು. ಕಿಲೊಗೆ 150 ವ್ಯಾಟ್-ಅವರ್ ಕೊಡುವ ಪ್ಯಾಕ್ ಹಾಕಿದರೂ ತೂಕ 500 ಕಿಲೊ ಆಸುಪಾಸು, ಒಂದು ಇಡೀ ರೇವಾದ ಮುಕ್ಕಾಲು ಪಾಲು. 15 ಆಂಪಿಯರ್ ಪ್ಲಗ್ಗಿನಲ್ಲಿ ಇದಕ್ಕೆ ಒಂದು ದಿನ ಒಂದು ರಾತ್ರಿ ಬೇಕು. ಅಪಾರ್ಟ್‌ಮೆಂಟಿನಲ್ಲಿ 7 ಕಿಲೋವ್ಯಾಟ್ ಚಾರ್ಜರ್ ಹಾಕಬೇಕೆಂದರೆ ಸಂಘದ ಒಪ್ಪಿಗೆ, ಮೀಟರ್ ಕೋಣೆಯಿಂದ ಪಾರ್ಕಿಂಗ್‌ವರೆಗೆ ಕೇಬಲ್, ಹೆಚ್ಚಿನ ಲೋಡ್ ಮಂಜೂರಾತಿ. ಇಷ್ಟನ್ನೂ ದೊಡ್ಡ ಕಂಪನಿಗಳು ಈಗಾಗಲೇ ನಿಭಾಯಿಸುತ್ತಿವೆ, ಹಾಗಾಗಿ ತಂತ್ರಜ್ಞಾನದ ವಿಷಯದಲ್ಲಿ ಉತ್ಸಾಹಿಗಳ ಮಾತು ಸರಿ. ದುಡ್ಡಿನ ವಿಷಯದಲ್ಲಿ ಅನುಮಾನ ಪಡುವವರ ಮಾತು ಸರಿ: ಬಿಡಿಭಾಗ ಅಚ್ಚೊತ್ತುವ ಡೈ, ಕ್ರ್ಯಾಶ್ ಪರೀಕ್ಷೆ, ಬ್ಯಾಟರಿ ಸುರಕ್ಷತೆಯ ಪರೀಕ್ಷೆ, ಇವಕ್ಕೆಲ್ಲ ಒಂದು ಕಾರೂ ಮಾರುವ ಮೊದಲೇ ಖರ್ಚಾಗುತ್ತದೆ, ನಷ್ಟದಲ್ಲಿರುವ ಕಂಪನಿಗೆ ಅದು ಹಗುರದ ಹೊರೆಯಲ್ಲ. ಎಂಟನೇ ವರ್ಷ ಬ್ಯಾಟರಿ ಸವೆದಾಗ ಹೊಸ ಪ್ಯಾಕ್ ಯಾರು ಕೊಡುತ್ತಾರೆ ಎಂದು ಮಾತ್ರ ಎರಡೂ ಪಂಗಡ ಕೇಳುತ್ತಿಲ್ಲ.

ಆ ಪ್ರಶ್ನೆಯನ್ನು ಇವತ್ತು ಎದುರಿಸುತ್ತಿರುವವರು ಹಳೇ ರೇವಾ ಇಟ್ಟುಕೊಂಡವರು. ಕೆಲವರು ಲೆಡ್ ಆಸಿಡ್ ತೆಗೆದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳ ಪ್ಯಾಕ್ ಹಾಕಿಸುತ್ತಾರೆ. 3.2 ವೋಲ್ಟಿನ 16 ಸೆಲ್ ಸಾಲಾಗಿಟ್ಟರೆ 51.2 ವೋಲ್ಟ್, ಮೋಟಾರಿಗೆ ಹೊಂದುತ್ತದೆ. ಆದರೆ ಹಳೇ ಚಾರ್ಜರನ್ನು ಹಾಗೇ ಉಳಿಸಿಕೊಳ್ಳಬಾರದು. ಎಂಟು ಲೆಡ್ ಆಸಿಡ್ ಬ್ಯಾಟರಿಗಳ ಒಟ್ಟು 24 ಸೆಲ್‌ಗಳನ್ನು ಸಮ ಮಾಡಲು ಅಂಥ ಚಾರ್ಜರ್ 60 ವೋಲ್ಟಿಗೆ ಏರಿಸುತ್ತದೆ, 16 ಎಲ್‌ಎಫ್‌ಪಿ ಸೆಲ್ ತಡೆಯುವ ಮಿತಿ 58.4. ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್ ಇದ್ದರೆ ಅದು ನಡುವೆ ಚಾರ್ಜ್ ಕಡಿದು ಪ್ಯಾಕ್ ಉಳಿಸುತ್ತದೆ. ಕಾಸು ಉಳಿಸಲು ಬಿಎಂಎಸ್ ಬಿಟ್ಟವರ ಸೆಲ್ ಊದುತ್ತದೆ. ಇ2ಓ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಡ್ಯಾಶಿನಲ್ಲಿ ಕಾಣುವ ಶೇಕಡಾವಾರು ನಂಬದೆ, ಪ್ಲಗ್ಗಿಗೆ ಸಣ್ಣ ಯೂನಿಟ್ ಮೀಟರ್ ಸಿಕ್ಕಿಸಿ, ಬರಿದಾದ ಪ್ಯಾಕ್ ತುಂಬುವವರೆಗೆ ಎಷ್ಟು ಏರುತ್ತದೆ ನೋಡಬೇಕು. ಚಾರ್ಜರಿನಲ್ಲಿ ಸುಮಾರು ಶೇ 15 ಪೋಲಾಗುತ್ತದೆ, ಹಾಗಾಗಿ 10 ಯೂನಿಟ್ಟಿನ ಪ್ಯಾಕಿಗೆ 11ರಿಂದ 12 ಬರಬೇಕು. 7ಕ್ಕೇ ನಿಂತರೆ ಹೊಸ ಪ್ಯಾಕಿನ ಬೆಲೆಯನ್ನೂ ಸೇರಿಸಿಯೇ ಕಾರಿನ ಬೆಲೆ ಮಾತಾಡಬೇಕು.